ಎಂಜಲು ಆಟಿಕೆಗೆ ಬೇರೆ ಬುಟ್ಟಿ ಇರಲಿ

ಮಾನ್ಯ ಸಂಪಾದಕರೆ,

ಅಂಗನವಾಡಿ, ಕೂಸಿನ ಮನೆಗಳಲ್ಲಿ ಒಂದು ಮಗುವಿಗೆ ಭೇದಿ ಶುರುವಾದರೆ ನೀರು, ಊಟದ ಮೇಲೆ ಎಲ್ಲರ ಕಣ್ಣು ಹೋಗುತ್ತದೆ. ಬಾಯಿಂದ ಬಾಯಿಗೆ ಓಡಾಡುವ ಆಟದ ಸಾಮಾನಿನ ಮೇಲೆ ಹೋಗುವುದು ಅಪರೂಪ. ಹೋದರೂ ಫಿನಾಯಿಲ್ ನೀರು ಚಿಮುಕಿಸಿ ಮುಗಿಸುತ್ತಾರೆ, ಇಲ್ಲವೇ ಅಲಮಾರಿಯಲ್ಲಿಟ್ಟು ಬೀಗ ಜಡಿಯುತ್ತಾರೆ. ಫಿನಾಯಿಲ್ ಇರುವುದು ನೆಲ ಒರೆಸಲು, ಮಗು ಚೀಪುವ ವಸ್ತುವಿಗಲ್ಲ. ಬೀಗ ಹಾಕಿದ ಆಟಿಕೆಯಂತೂ ಇದ್ದೂ ಇಲ್ಲದ ಹಾಗೆ.

ಮಗು ಬಾಯಿಗಿಟ್ಟು ಬಿಟ್ಟ ಆಟಿಕೆಯನ್ನು ಆಗಲೇ ಎತ್ತಿ ಮುಚ್ಚಳವಿರುವ ಬೇರೆ ಬುಟ್ಟಿಗೆ ಹಾಕಬೇಕು. ಎಂಜಲು ತಟ್ಟೆಯಲ್ಲಿ ಇನ್ನೊಂದು ಕೂಸಿಗೆ ಬಡಿಸದ ನಾವು ಎಂಜಲು ಗಿಲಕಿಯನ್ನು ಮಾತ್ರ ಸಲೀಸಾಗಿ ಕೈಗೆ ಕೊಡುತ್ತೇವೆ.

ಸಂಜೆ ಆ ಬುಟ್ಟಿಯಲ್ಲಿದ್ದುದನ್ನು ಮೊದಲು ಸೋಪಿನ ನೀರಲ್ಲಿ ತಿಕ್ಕಿ ತೊಳೆಯಬೇಕು. ಹಲವರು ತಪ್ಪುವುದು ಇಲ್ಲೇ. ಜೊಲ್ಲು, ಮಣ್ಣು, ಅನ್ನದಗುಳು ಅಂಟಿದ್ದರೆ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಆ ಕೊಳೆಯ ಮೇಲೇ ಖರ್ಚಾಗುತ್ತದೆ, ರೋಗಾಣುವಿಗೆ ಉಳಿಯುವುದಿಲ್ಲ. ಬೋರಿನ ಗಡಸು ನೀರಲ್ಲಿ ಬಟ್ಟೆ ಸೋಪು ನೊರೆ ಬಿಡದೆ ಬಿಳಿ ಕೆನೆಯಾಗಿ ಅಂಟಿಕೊಳ್ಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ವಾಸಿ. ಸಂದಿಗಳಿಗೆ ಹಳೆಯ ಟೂತ್‌ಬ್ರಷ್ ಸಾಕು.

ಆಮೇಲೆ ಕ್ಲೋರಿನ್ ನೀರು. ಪುಡಿ ಹೊಸದಿದ್ದರೆ 10 ಲೀಟರ್ ತಣ್ಣೀರಿಗೆ 7 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ. ಸ್ವಲ್ಪ ನೀರಲ್ಲಿ ಕಲಸಿ, ಗಸಿ ಇಳಿದ ಮೇಲೆ ತಿಳಿಯನ್ನಷ್ಟೇ ಬಕೆಟ್ಟಿಗೆ ಬಸಿದುಕೊಳ್ಳಬೇಕು. ಆಟಿಕೆ 5 ನಿಮಿಷ ಪೂರ್ತಿ ಮುಳುಗಿರಲಿ. ನಂತರ ಒಳ್ಳೆಯ ನೀರಲ್ಲಿ ಜಾಲಿಸಿ ಒಣಗಿಸುವುದು. ವಾಂತಿ, ಭೇದಿಯಾದ ಮಗು ಮುಟ್ಟಿದ್ದಾದರೆ ಪುಡಿ 35 ಗ್ರಾಂ, ಹೊತ್ತು 10 ನಿಮಿಷ. ಬಿಸಿನೀರು ಬೇಡ, ಕ್ಲೋರಿನ್ ಹಾರಿಹೋಗುತ್ತದೆ. ಕಕ್ಕಸು ತೊಳೆಯುವ ಆಸಿಡ್ಡನ್ನಂತೂ ಅದಕ್ಕೆ ಸೇರಿಸಲೇಬಾರದು, ವಿಷಾನಿಲ ಏಳುತ್ತದೆ. ಈ ನೀರು ಅಂದಂದಿಗೆ ಮಾಡಿದ್ದೇ ಆಗಬೇಕು. ತಗಡಿನ ಶೀಟಿನ ಕೆಳಗೆ, ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಬಲಗುಂದಿರುತ್ತದೆ. ಗಾಟು ಇಲ್ಲವೆಂದರೆ ಕೆಲಸವೂ ಇಲ್ಲ.

ಕೈಗೆ ಹಚ್ಚುವ ಸ್ಯಾನಿಟೈಸರಿನಿಂದ ಒರೆಸಿದರಾಗದೇ ಎಂದು ಕೇಳುವವರಿದ್ದಾರೆ. ಅದರಲ್ಲಿರುವ ಸ್ಪಿರಿಟ್ ಮುಖ್ಯವಾಗಿ ಕೆಡಿಸುವುದು ವೈರಾಣುವಿನ ಕೊಬ್ಬಿನ ಹೊದಿಕೆಯನ್ನು. ಕೈ-ಕಾಲು-ಬಾಯಿ ರೋಗದ ವೈರಾಣುಗಳಿಗೆ, ವಾಂತಿ-ಭೇದಿ ತರುವ ನೊರೊ ವೈರಾಣುವಿಗೆ ಆ ಹೊದಿಕೆಯೇ ಇಲ್ಲ.

ಕಟ್ಟಿಗೆಯ ಆಟಿಕೆ ನೆನೆಸಿದರೆ ಉಬ್ಬಿ ಸೀಳುತ್ತದೆ. ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಬರೀ ನೀರಿನ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿದರಾಯಿತು. ಬಟ್ಟೆ ಗೊಂಬೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಒಳಗಿನ ಹತ್ತಿವರೆಗೂ ಒಣಗಿಸಬೇಕು. ಪೀಂ ಎನ್ನುವ ರಬ್ಬರ್ ಬಾತುಕೋಳಿ ಕೊಳ್ಳದಿರುವುದೇ ಮೇಲು. ತೂತಿನಿಂದ ಒಳಹೋದ ನೀರು ಹೊರಬಾರದೆ ಕಪ್ಪು ಬೂಸು ಕಟ್ಟುತ್ತದೆ. ಪ್ಲಾಸ್ಟಿಕ್ ಸಾಮಾನನ್ನು ಇಡೀ ದಿನ ಮಾಳಿಗೆ ಮೇಲೆ ಹರವುವುದೂ ಬೇಡ. ನಮ್ಮ ಬಿಸಿಲಿಗೆ ಪೆಡಸಾಗಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಕೊಳೆ ಕೂತರೆ ಯಾವ ಬ್ರಷ್ಷಿಗೂ ಸಿಗದು. ಅಂಥದ್ದನ್ನು ಎಸೆಯಬೇಕು.

ಇದಕ್ಕೆಲ್ಲ ದಿನಕ್ಕೆ ಎರಡು ಬಕೆಟ್ ನೀರು, ಸಹಾಯಕಿಯ ಅರ್ಧ ಗಂಟೆ ಬೇಕು. ಬೇಸಿಗೆಯಲ್ಲಿ ಎರಡು ಬಕೆಟ್ಟೂ ದುಬಾರಿಯೇ. ಆಟಿಕೆಗಳನ್ನು ಎರಡು ಪಾಲು ಮಾಡಿ ದಿನ ಬಿಟ್ಟು ದಿನ ಒಂದೊಂದು ಪಾಲು ಹೊರತೆಗೆದರೆ ನೀರು, ಸಮಯ ಎರಡೂ ಉಳಿಯುತ್ತವೆ. ಇಲಾಖೆಯವರು ಶಾಲಾಪೂರ್ವ ಶಿಕ್ಷಣದ ಕಿಟ್ ಕಳಿಸುವಾಗ ಜೊತೆಗೆ ಒಂದು ಮುಚ್ಚಳದ ಬುಟ್ಟಿ, ಒಂದು ಅಳತೆ ಚಮಚ, ಪುಡಿ ಇಡಲು ಗಾಳಿಯಾಡದ ಡಬ್ಬಿ ಸೇರಿಸಲಿ.

— ಅಂಗನವಾಡಿ ಮೇಲ್ವಿಚಾರಕಿಯರು, ಸೇಡಂ, ಕಲಬುರಗಿ ಜಿಲ್ಲೆ