ವಾದಿ ಯಾರು?

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಫೀಸು ಬಾಕಿ ಉಳಿಸಿಕೊಂಡ ಕಕ್ಷಿದಾರನ ಮೇಲೆ ದಾವೆ ಹೂಡುವುದಕ್ಕೆ ನನ್ನ ಅಡ್ಡಿಯಿಲ್ಲ. ದುಡಿದದ್ದನ್ನು ಕೇಳಲು ವಕೀಲರೇ ನಾಚುವುದು ವಿಚಿತ್ರ. ಆದರೆ ನೀನು ಕಳುಹಿಸಿದ ದಾವಾಪತ್ರದ ಕರಡಿನಲ್ಲಿ ವಾದಿ, ಅಂದರೆ ದಾವೆ ಹೂಡುವವರು, ಎಂದು ನಿನ್ನ ಹೆಸರಿದೆ. ಅದನ್ನು ಹೊಡೆದುಹಾಕು.

ನಿಮ್ಮ ವಕೀಲಿ ಸಂಸ್ಥೆ ಈಗ ಕಂಪನಿ. ಚರ್ಮದ ಬೂಟು ತಯಾರಿಸುತ್ತಿದ್ದ ಸಾಲೊಮನ್ ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದಾಗ, ಅವನು ಬೇರೆ, ಕಂಪನಿ ಬೇರೆ ಎಂದು ಇಂಗ್ಲೆಂಡಿನ ಅಂದಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ತೀರ್ಪಿತ್ತಿತು. ಷೇರುಗಳೆಲ್ಲ ನಿನ್ನವೇ ಆಗಿದ್ದರೂ ಬರಬೇಕಾದ ಬಾಕಿ ನಿನ್ನದಲ್ಲ, ಕಂಪನಿಯದು.

‘ಕಂಪನಿಗೆ ಸನ್ನದಿಲ್ಲ, ಅಂದರೆ ವಕೀಲಿಕೆಯ ಪರವಾನಗಿಯಿಲ್ಲ, ಅದು ಫೀಸು ಹೇಗೆ ಕೇಳೀತು?’ ಎಂದು ಎದುರಾಳಿ ತಕರಾರು ತೆಗೆದೇ ತೆಗೆಯುತ್ತಾನೆ. ಹೆದರಬೇಡ. ಕರಾರು ಮಾಡಿಕೊಂಡದ್ದು ಕಂಪನಿ. ಸನ್ನದಿರುವ ನಿಮ್ಮಿಂದ ಕೆಲಸ ಮಾಡಿಸಿದ್ದೂ ಅದೇ. ನಿಜವಾದ ಪ್ರಶ್ನೆ, ಕಂಪನಿಯಾಗಿ ವಕೀಲಿಕೆ ನಡೆಸಲು ನೀವಿರುವ ಕಡೆಯ ಕಾನೂನು ಬಿಡುತ್ತದೆಯೇ ಎಂಬುದು. ಇಂಗ್ಲೆಂಡ್ ಬಿಡುತ್ತದೆ. ಭಾರತದ 1961ರ ವಕೀಲರ ಕಾಯ್ದೆ ವಕೀಲಿಕೆ ನಡೆಸುವ ಹಕ್ಕನ್ನು ವಕೀಲರಿಗಷ್ಟೇ ಕೊಡುತ್ತದೆ. ನಿಮಗೆ ಅನುಮತಿ ಇದೆ, ಸರಿ. ಕೆಲಸ ನಡೆದ ಅವಧಿಯಲ್ಲೂ ಅದು ಚಾಲ್ತಿಯಲ್ಲಿತ್ತೆಂಬ ದಾಖಲೆ ತೆಗೆದಿಡು.

ನನಗೆ ಹೆಚ್ಚು ಕಳವಳ ಹಳೆಯ ಕಡತಗಳದ್ದು. ನೀವು ಪಾಲುದಾರರಾಗಿದ್ದಾಗ ವಹಿಸಿಕೊಂಡ ಕೆಲಸದ ಬಾಕಿ ಕಂಪನಿ ಹುಟ್ಟಿದ ಮಾತ್ರಕ್ಕೆ ಅದರ ಕೈಗೆ ಬರುವುದಿಲ್ಲ. ಆ ಬಾಕಿಯನ್ನು ಬರಹದ ಮೂಲಕ ಕಂಪನಿಗೆ ವರ್ಗಾಯಿಸಿದ್ದೀರಾ? ಕಕ್ಷಿದಾರನಿಗೆ ತಿಳಿಸಿದ್ದೀರಾ? ಇಲ್ಲವಾದರೆ ಆ ಮೊತ್ತಕ್ಕೆ ಹಳೆಯ ಪಾಲುದಾರರೇ ವಾದಿಗಳಾಗಬೇಕು. ಒಂದೇ ಬಿಲ್ಲಿನಲ್ಲಿ ಎರಡು ಕಾಲದ ಕೆಲಸ ಕಲಸಿದ್ದರೆ ಈಗಲೇ ಬೇರ್ಪಡಿಸು. ವಕಾಲತ್ತು ವಹಿಸಿಕೊಂಡಾಗಿನ ಪತ್ರದಲ್ಲಿ ಯಾರ ಹೆಸರಿದೆ, ಯಾವ ತಾರೀಖಿದೆ ಎಂದು ನೋಡಿದರೆ ಅರ್ಧ ಗೊಂದಲ ಹರಿಯುತ್ತದೆ.

ಒಂದು ತಮಾಷೆ ನೋಡು: ಭಾರತದ 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮು ನೋಂದಣಿಯಾಗದ ಸಂಸ್ಥೆ ಕರಾರಿನ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡದಂತೆ ತಡೆಯುತ್ತದೆ. ಇಂಗ್ಲೆಂಡಿನ 1974ರ ಸಾಲಿಸಿಟರುಗಳ (ಅಲ್ಲಿನ ಒಂದು ಬಗೆಯ ವಕೀಲರ) ಕಾಯ್ದೆಯಲ್ಲೂ 69ನೇ ಕಲಮೇ ಅಡ್ಡ ನಿಲ್ಲುತ್ತದೆ. ಬಿಲ್ಲು ಮುಟ್ಟಿಸಿ ಒಂದು ತಿಂಗಳಾಗದೆ ಸಾಮಾನ್ಯವಾಗಿ ದಾವೆಯಿಲ್ಲ. ನಿನಗೆ ಅನ್ವಯಿಸುವ ಕಾನೂನಿನಲ್ಲಿ ಇಂಥ ತಡೆ ಏನಿದೆಯೆಂದು ಹುಡುಕು, ಜೊತೆಗೆ ದಾವೆ ಹೂಡುವ ಕಾಲಮಿತಿ ಯಾವಾಗ ಮುಗಿಯುತ್ತದೆಂದೂ ಲೆಕ್ಕ ಹಾಕು.

ದಾವಾಪತ್ರಕ್ಕೆ ಸಹಿ ಹಾಕುವ ನಿರ್ದೇಶಕರಿಗೆ ಅಧಿಕಾರ ಕೊಟ್ಟ ಠರಾವನ್ನು ಮೊದಲೇ ಮಾಡಿಸು. ಕಂಪನಿಯ ಹೆಸರನ್ನು ನೋಂದಣಿ ಪತ್ರದಲ್ಲಿರುವಂತೆಯೇ, ಅಕ್ಷರ ಬಿಡದೆ ಬರೆ.

ಇಂತು,
ನಿನ್ನ ದೊಡ್ಡಪ್ಪ