ಶಾಲೆಗೆ ಬೀಗ ಹಾಕುವ ಮುನ್ನ: ಮಾರ್ಷಲ್ ದ್ವೀಪದ ಗೆಳೆಯನಿಗೊಂದು ಪತ್ರ

ಪ್ರಿಯ ರಾಘು,

ಮೇ ಕೊನೆಗೆ ಶಾಲೆ ಮುಗಿಯುತ್ತದೆ, ಜೂನ್ ಮೊದಲ ವಾರ ಹೊರಡುತ್ತೇನೆ ಅಂತ ಬರೆದಿದ್ದೀಯ. ಹಾಗಿದ್ದರೆ ಶಾಲೆ ಮುಚ್ಚಿ ಹೊರಡುವ ಕೆಲಸವನ್ನು ಏಪ್ರಿಲ್‌ನಲ್ಲೇ ಶುರು ಹಚ್ಚಿಕೋ. ರಾಜಧಾನಿ ಮಜುರೋದಲ್ಲಿರುವ ಮೇಷ್ಟ್ರು ಮರೆತ ಕಾಗದವನ್ನು ಮಾರನೇ ದಿನ ಟ್ಯಾಕ್ಸಿ ಹತ್ತಿ ಕೊಟ್ಟು ಬರಬಹುದು. ನಿನ್ನಂಥ ಹೊರದ್ವೀಪದವನ ಕಾಗದ ಮುಂದಿನ ವಿಮಾನಕ್ಕೋ ಹಡಗಿಗೋ ಕಾಯಬೇಕು. ಮೇ 1 ಅಲ್ಲಿನ ಸಂವಿಧಾನ ದಿನದ ರಜೆ. ಕೊನೆಯ ಎರಡು ವಾರ ಶಾಲೆ ಮುಗಿಸುವ ಮಕ್ಕಳ ಪದವಿ ಸಮಾರಂಭದ ಹಾಡು-ಕುಣಿತದ ತಾಲೀಮಿಗೇ ಹೋಗುತ್ತವೆ, ಅವುಗಳಲ್ಲಿ ಪಾಠ ನಡೆಯುತ್ತದೆ ಅಂತ ಲೆಕ್ಕ ಹಾಕಬೇಡ.

ಮೊದಲು ಎಂಟನೇ ತರಗತಿಯವರ ಕಾಗದ. ಹೊರದ್ವೀಪದ ಮಕ್ಕಳು ಹೈಸ್ಕೂಲಿಗೆ ಜಾಲುಯಿಟ್, ವೊಟ್ಜೆಯಂಥ ಬೇರೆ ದ್ವೀಪಗಳಿಗೆ ಮನೆ ಬಿಟ್ಟು ಹೋಗಬೇಕು, ಹಾಸ್ಟೆಲ್‌ನಲ್ಲಿರಬೇಕು. ಇಲ್ಲಿ ಎಡವಟ್ಟಾಗುವುದು ಅಂಕಗಳಲ್ಲಲ್ಲ, ಹೆಸರಿನಲ್ಲಿ. ಮಾರ್ಷಲೀಸ್ ಭಾಷೆಗೆ ಹಳೆಯದೊಂದು, ಹೊಸದೊಂದು ಎರಡು ಕಾಗುಣಿತ ಪದ್ಧತಿ ಇರುವುದರಿಂದ ಹಾಜರಿ ಪುಸ್ತಕದಲ್ಲಿ ಒಂದು ರೀತಿ, ಪರೀಕ್ಷೆಯ ಅರ್ಜಿಯಲ್ಲಿ ಇನ್ನೊಂದು ರೀತಿ ಬರೆದುಬಿಡುತ್ತಾರೆ. ಜನನ ಪ್ರಮಾಣಪತ್ರದಲ್ಲಿರುವ ಕಾಗುಣಿತವನ್ನೇ ಹಿಡಿ. ಪ್ರತಿ ಮಗುವಿನ ಮನೆಗೆ ಹೋಗಿ ಹೆಸರು, ಹುಟ್ಟಿದ ದಿನ ತಾಳೆ ನೋಡು. ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳ ಪ್ರಮಾಣಪತ್ರ ಬೇರೆ ದ್ವೀಪದಲ್ಲಿರಬಹುದು, ತರಿಸಲು ತಿಂಗಳೇ ಬೇಕಾದೀತು.

ಅಂಕಪಟ್ಟಿಯ ಮೂರು ಪ್ರತಿ ಮಾಡು: ಒಂದು ಶಾಲೆಗೆ, ಒಂದು ಶಿಕ್ಷಣ ಇಲಾಖೆಗೆ, ಒಂದು ನಿನ್ನ ಕೈಚೀಲಕ್ಕೆ. ಪ್ರಿಂಟರ್ ಇಲ್ಲದಿದ್ದರೆ ಕಾರ್ಬನ್ ಹಾಳೆ ಸಾಕು. ಜೆಲ್ ಪೆನ್ ಬೇಡ, ಉಪ್ಪುಗಾಳಿಯ ತೇವಕ್ಕೆ ಅಕ್ಷರ ಕದಡುತ್ತದೆ. ಬಾಲ್ ಪೆನ್ನಲ್ಲಿ ಬರೆ. ಸ್ಟೇಪ್ಲರ್ ಪಿನ್ನು ಆಗಸ್ಟಿನೊಳಗೆ ತುಕ್ಕು ಹಿಡಿದು ಹಾಳೆಯನ್ನೇ ತಿನ್ನುತ್ತದೆ. ದಬ್ಬಳದಲ್ಲಿ ತೂತು ಮಾಡಿ ದಾರ ಕಟ್ಟಿದರೆ ಆ ತಾಪತ್ರಯವಿಲ್ಲ.

ಪುಸ್ತಕಗಳ ವಿಷಯಕ್ಕೆ ತುಸು ಹೆಚ್ಚೇ ಗಮನ ಕೊಡು. ಬೇಸಿಗೆ ರಜೆಯ ಎರಡು ತಿಂಗಳು ಕೋಣೆ ಮುಚ್ಚಿದರೆ ಬೂಷ್ಟು, ಜಿರಲೆ, ಇಲಿ ಮೂರೂ ಸೇರುತ್ತವೆ. ರಟ್ಟಿನ ಅಂಟು ಜಿರಲೆಗೆ ಹಬ್ಬದೂಟ. ಒದ್ದೆಯ ಪುಸ್ತಕವನ್ನು ಹಾಗೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚುವುದೇ ಎಲ್ಲರೂ ಮಾಡುವ ತಪ್ಪು: ತೇವ ಒಳಗೇ ಉಳಿದು ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತಾಗುತ್ತದೆ. ಮಳೆಯಿಲ್ಲದ ದಿನ ನೋಡಿ, ಗಾಳಿಯಾಡುವ ನೆರಳಲ್ಲಿ, ಪುಟ ಬಿಚ್ಚಿ ನಿಲ್ಲಿಸಿ ಎರಡು ದಿನ ಒಣಗಿಸು. ನೇರ ಬಿಸಿಲಿಗೆ ಬೇಡ, ಅಂಟು ಬಿಡುತ್ತದೆ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ನೆಲದಿಂದ ಒಂದಡಿ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡು. ಎಷ್ಟು ಪುಸ್ತಕ, ಯಾವ ತರಗತಿಯದು ಅಂತ ಚೀಟಿ ಬರೆದು ಮುಚ್ಚಳದ ಒಳಗೆ ಅಂಟಿಸು.

ಶಾಲೆಗೆ ಸೋಲಾರ್ ಇದ್ದರೆ ದೀಪ, ಫ್ಯಾನು, ಚಾರ್ಜರ್ ಎಲ್ಲದರ ಸಂಪರ್ಕ ತೆಗೆ, ಆದರೆ ಪ್ಯಾನೆಲ್ಲನ್ನೂ ಚಾರ್ಜ್ ಕಂಟ್ರೋಲರನ್ನೂ ಹಾಗೇ ಬಿಡು. ಸೀಸ-ಆಮ್ಲದ ಬ್ಯಾಟರಿ ಖಾಲಿಯಾಗಿ ಕೂತರೆ ಅದರೊಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಲ್ಯಾಪ್‌ಟಾಪಿನದು ಉಲ್ಟಾ, ಅರ್ಧ ಚಾರ್ಜಿನಲ್ಲಿ ಆರಿಸಿಡು. ಮಳೆನೀರಿನ ಟ್ಯಾಂಕಿಗೆ ನೀರು ತರುವ ಸೂರಿನ ದೋಣಿಗಳಲ್ಲಿನ ಎಲೆ ತೆಗೆದು, ಬಾಯಿಗೆ ಜಾಲರಿ ಕಟ್ಟು.

ಸಮಾರಂಭದ ದಿನ ಶಿಶುವಿಹಾರದವರಿಗೂ ಎಂಟನೆಯವರಿಗೂ ಪದವಿ ಪ್ರದಾನ. ಊಟಕ್ಕೆ ಅನ್ನ, ಮೀನು, ಜೊತೆಗೆ ಸುಟ್ಟ ಜೀಗುಜ್ಜೆ (ದಿವಿಹಲಸು). ಅದನ್ನು ಅವರು ‘ಮಾ’ ಅಂತಾರೆ. ಮಂಗಳೂರಿನವನಾದ ನಿನಗೆ ಅದರಿಂದ ಬೇಸರವಿರದು, ಆದರೆ ಹುಳಿ ಬರಿಸಿ ಕೂಡಿಡುವ ‘ಬ್ವಿರೋ’ ಬೇರೆ ಕಥೆ. ನಿನ್ನ ಬೀಳ್ಕೊಡುಗೆಯ ‘ಕಮೋಲೋ’ ಕೂಟದಲ್ಲಿ ಹಾಡುತ್ತಾ ಬಂದು ಕೊರಳಿಗೆ ಕವಡೆ ಸರ ಹಾಕುತ್ತಾರೆ, ಚಾಪೆ-ಬುಟ್ಟಿ ಕೊಡುತ್ತಾರೆ. ಬೇಡ ಅನ್ನಬೇಡ. ಆದರೆ ಆಮೆ ಚಿಪ್ಪಿನದು, ದೈತ್ಯ ಕಪ್ಪೆಚಿಪ್ಪಿನದು ಗಡಿ ದಾಟುವಾಗ ತೊಂದರೆ ತರುತ್ತವೆ. ಅವನ್ನು ಅಲ್ಲೇ ಯಾರ ಮನೆಯಲ್ಲಾದರೂ ಇಟ್ಟು ಬಾ. ತೆಂಗಿನ ಗರಿ, ಕೇದಗೆ ಎಲೆಯ ಹೆಣಿಗೆಯನ್ನು ಅಮೆರಿಕದ ಹೊನೊಲುಲುವಿನ ತಪಾಸಣೆಯಲ್ಲಿ ಬಾಯಿಬಿಟ್ಟು ಹೇಳು, ಮುಚ್ಚಿಡಬೇಡ.

ಮಜುರೋಗೆ ಒಯ್ಯುವ ವಿಮಾನ ಡಾರ್ನಿಯರ್ 228ರಂಥ ಹತ್ತೊಂಬತ್ತು ಸೀಟಿನದು. ಡಾರ್ನಿಯರ್ ಅಂದರೆ ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವ ಮಾದರಿಯೇ. ಚಿಕ್ಕದಾದ್ದರಿಂದ ಸಾಮಾನಿನ ತೂಕ ಬಿಗಿ. ದಪ್ಪ ಬಟ್ಟೆ, ಚಪ್ಪಲಿ, ಸೊಳ್ಳೆ ಪರದೆ ಎಲ್ಲ ಅಲ್ಲೇ ಕೊಟ್ಟು ಬಾ. ಹಡಗಾದರೆ ಕೊಬ್ಬರಿ ತುಂಬಿ ಮುಗಿದಾಗಲೇ ಹೊರಡುವುದು, ದಿನಾಂಕ ನಂಬಬೇಡ. ಮಜುರೋದಲ್ಲಿ ಅಂತರರಾಷ್ಟ್ರೀಯ ವಿಮಾನಕ್ಕೆ ಕನಿಷ್ಠ ಒಂದು ವಾರ ಅಂತರವಿರಲಿ. ನಿನ್ನದು ಭಾರತದ ಪಾಸ್‌ಪೋರ್ಟ್, ಹೊನೊಲುಲುವೋ ಗುವಾಮೋ ದಾಟಿಹೋಗುವುದಕ್ಕೂ ಅಮೆರಿಕದ ವೀಸಾ ಬೇಕು. ಅವಧಿ ಈಗಲೇ ನೋಡಿಕೋ. ಹೊನೊಲುಲುವಿಗೆ ಹೋದರೆ ದಿನಾಂಕ ರೇಖೆ ದಾಟಿ ಒಂದು ದಿನ ಹಿಂದಕ್ಕೆ ಹೋಗುತ್ತೀಯ, ಮುಂದಿನ ಟಿಕೆಟ್ ಬುಕ್ ಮಾಡುವಾಗ ಇದನ್ನು ಮರೆಯಬೇಡ.

ಕೊನೆಗೆ, ಆಗಸ್ಟಿನಲ್ಲಿ ಬರುವ ಮೇಷ್ಟ್ರಿಗೆ ತರಗತಿಗೊಂದು ಪುಟ. ಯಾವ ಮಗು ಯಾವ ಪುಸ್ತಕ ಓದಬಲ್ಲದು, ಪಠ್ಯದ ಯಾವ ಪುಟದಲ್ಲಿ ನಿಲ್ಲಿಸಿದ್ದೀಯ, ಬೀಗದ ಕೈ ಯಾರ ಹತ್ತಿರ, ಟ್ಯಾಂಕಿನ ನಲ್ಲಿ ಯಾವ ಕಡೆ ಸೋರುತ್ತದೆ. ಮಕ್ಕಳ ಬಗ್ಗೆ ತೀರ್ಪು ಬರೆಯಬೇಡ, ಆ ಪುಟವನ್ನು ಊರಿನವರೂ ಓದುತ್ತಾರೆ. ಒಂದು ಪ್ರತಿ ಪುಸ್ತಕದ ಡಬ್ಬಿಯಲ್ಲಿ, ಇನ್ನೊಂದು ಮುಖ್ಯೋಪಾಧ್ಯಾಯರ ಕೈಯಲ್ಲಿ ಇರಲಿ.

ಮಜುರೋ ತಲುಪಿದ ಕೂಡಲೇ ಒಂದು ಸಾಲು ಬರೆ.

ನಿನ್ನ,
ಸುರೇಶ