ಆ ಅಂಕಿಯಿಂದ ಸಿಗುವುದು ಯಾವ ದೇವರು?

ಬಾಗಲಕೋಟೆ

ಚಿ. ಸಂಗಮೇಶನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಾವೆಲ್ಲ ಆರಾಮ ಇದ್ದೇವೆ. ನಿನ್ನ ಪತ್ರ ಓದಿ ನಗು ಬಂತು. ಹಾಸ್ಟೆಲ್‌ನಲ್ಲಿ ನೀನೂ ನಿನ್ನ ರೂಮ್‌ಮೇಟೂ ಕೂತು ಒಂದೇ ವಿಡಿಯೋ ನೋಡಿದಿರಿ. ವಿಶ್ವದ ನಿಯಮಗಳು ಕೂದಲೆಳೆಯಷ್ಟು ಆಚೀಚೆ ಆಗಿದ್ದರೂ ಜೀವ ಇರುತ್ತಿರಲಿಲ್ಲ, ಹಾಗಾಗಿ ದೇವರಿದ್ದಾನೆ ಅನ್ನುವ ವಾದ. ಅದರಲ್ಲಿ ನಿನಗೆ ಕೂಡಲಸಂಗಮದೇವ ಕಂಡ, ಅವನಿಗೆ ಅಲ್ಲಾಹ್ ಕಂಡ. ಈಗ ಇಬ್ಬರಿಗೂ ಮಾತು ಬಂದ್!

ವಾದದಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳುವುದಿಲ್ಲ. ಜೀವಕ್ಕೆ ಬೇಕೇಬೇಕಾದ ಕಾರ್ಬನ್ ಸಂಗತಿಯನ್ನೇ ನೋಡು. ನಕ್ಷತ್ರದ ಒಡಲಲ್ಲಿ ಮೂರು ಹೀಲಿಯಂ ನ್ಯೂಕ್ಲಿಯಸ್ ಕೂಡಿದರೆ ಕಾರ್ಬನ್. ಆ ಕಾರ್ಬನ್ ನ್ಯೂಕ್ಲಿಯಸ್ಸಿಗೆ ತಕ್ಕ ಜಾಗದಲ್ಲಿ ಒಂದು ಶಕ್ತಿಮಟ್ಟ, ಅಂದರೆ ಅದು ನಿಲ್ಲಬಲ್ಲ ಶಕ್ತಿಯ ಒಂದು ಮೆಟ್ಟಿಲು, ಇಲ್ಲದಿದ್ದರೆ ಅದು ಸಾಕಷ್ಟು ಹುಟ್ಟುವುದೇ ಇಲ್ಲ. ಅಂಥದ್ದು ಇರಲೇಬೇಕು, ಹುಡುಕಿ ಅಂತ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ 1953ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ವಿಜ್ಞಾನಿಗಳ ಬೆನ್ನು ಬಿದ್ದ. ಹುಡುಕಿದರು, 7.65 ಎಂಇವಿ (ನ್ಯೂಕ್ಲಿಯಸ್ಸಿನ ಶಕ್ತಿ ಅಳೆಯುವ ಮಾನ) ಹತ್ತಿರ ಸಿಕ್ಕೇಬಿಟ್ಟಿತು. ನಾಸ್ತಿಕನಾಗಿದ್ದ ಹಾಯ್ಲ್, ಇದರ ಹಿಂದೆ ಯಾವುದೋ ದೊಡ್ಡ ಬುದ್ಧಿ ಕೆಲಸ ಮಾಡಿದೆ ಅಂತ ಮುಂದೆ ಹೇಳಿದ. ಹಾಗಂತ ಚರ್ಚಿನ ದೇವರ ಹತ್ತಿರ ಹೋಗಲಿಲ್ಲ.

ಯಾಕೆಂದರೆ ತಮ್ಮಾ, 7.65 ಅನ್ನುವ ಅಂಕಿ ವಿಭೂತಿ ಹಚ್ಚಿಕೊಂಡಿಲ್ಲ, ಟೋಪಿನೂ ಹಾಕಿಕೊಂಡಿಲ್ಲ. ಯಾರೋ ಹೊಂದಿಸಿರಬಹುದು, ಜಾಸ್ತಿ ಅಂದರೆ ಅಷ್ಟು ಹೇಳೀತು. ಹೊಂದಿಸಿದವರು ಒಬ್ಬರೋ ಹಲವರೋ, ಕೆಲಸ ಮುಗಿಸಿ ಎದ್ದು ಹೋದರೋ ಇನ್ನೂ ನೋಡುತ್ತಿದ್ದಾರೋ, ಸೋಮವಾರದ ಉಪವಾಸ ಬೇಕೋ ರೋಜಾ ಬೇಕೋ, ಅದಕ್ಕೇನು ಗೊತ್ತು? ಅದೆಲ್ಲ ನೀನು ಮನೆಯಿಂದ ಒಯ್ದದ್ದು. ಅವನೂ ಅಷ್ಟೇ.

ಇನ್ನೊಂದು ತೊಡಕಿದೆ. ಏನು ಬೇಕಾದರೂ ಮಾಡಬಲ್ಲ ದೇವರಿಗೆ ಕಾರ್ಬನ್ನಿನ ಶಕ್ತಿಮಟ್ಟದ ಹಂಗು ಯಾಕೆ? ಅದಿಲ್ಲದೆಯೂ ಜೀವ ಹುಟ್ಟಿಸಬಹುದಿತ್ತು ಅಲ್ವಾ? ಇಲ್ಲ, ಅವನು ಇಂಥದ್ದೇ ವಿಶ್ವ ಮಾಡುವವನು ಅನ್ನಬೇಕಾದರೆ ಅವನ ಮನಸ್ಸು ನಮಗೆ ಮೊದಲೇ ಗೊತ್ತಿರಬೇಕು. ಫಿಜಿಕ್ಸ್ ಅದನ್ನು ಹೇಳಿಕೊಡುವುದಿಲ್ಲ. ಲೆಕ್ಕವಿಲ್ಲದಷ್ಟು ವಿಶ್ವಗಳಿವೆ, ನಮ್ಮದು ಅದರಲ್ಲೊಂದು ಅನ್ನುವವರೂ ಇದ್ದಾರೆ. ಅದೂ ಸಾಬೀತಾಗಿಲ್ಲ, ಬಿಡು.

ರಜೆಗೆ ಅವನನ್ನೂ ಕರೆದುಕೊಂಡು ಬಾ, ಬಾದಾಮಿಗೆ ಹೋಗೋಣ. ಅದೇ ಗುಡ್ಡ, ಅದೇ ಕೆಂಪು ಮರಳುಗಲ್ಲು. ಮೊದಲ ಗುಹೆಯ ಬದಿಗೆ ಹದಿನೆಂಟು ಕೈಗಳ ನಟರಾಜ. ಮೂರನೆಯದು ವಿಷ್ಣುವಿನದು, 578ರ ಶಾಸನ ಅಲ್ಲೇ ಇದೆ. ನಾಲ್ಕನೆಯದು ಜೈನರದು. ಜಗತ್ತನ್ನು ಯಾರೂ ಸೃಷ್ಟಿಸಿಲ್ಲ ಅನ್ನುವವರು ಅವರು! ಅವರ ಉಳಿಗೂ ಆ ಕಲ್ಲು ಒಲಿಯಿತು. ಬರೀ ಕಲ್ಲು ನೋಡಿ, ಇಲ್ಲಿ ಮೂಡುವುದು ಇಂಥ ಮೂರ್ತಿಯೇ ಅಂತ ಯಾರು ಹೇಳುತ್ತಿದ್ದರು?

ಇದನ್ನೆಲ್ಲ ಓದಿ ಲಿಂಗಪೂಜೆ ಬಿಟ್ಟುಬಿಡಬೇಡ ಮತ್ತೆ. ಬಸವಣ್ಣನವರು ನಕ್ಷತ್ರದ ಲೆಕ್ಕ ಹಾಕಿ ಸಂಗಮನಾಥನನ್ನು ಕರೆದವರಲ್ಲ. ಅಂಕಿಯ ಮೇಲೆ ಭಕ್ತಿ ಕಟ್ಟಿದರೆ, ನಾಳೆ ಯಾರೋ ವಿಜ್ಞಾನಿ ಆ ಅಂಕಿಗೆ ಬೇರೆ ಕಾರಣ ಕಂಡುಹಿಡಿದ ದಿನ ನಿನ್ನ ಪೂಜೆಗೂ ಕುತ್ತು. ಯಾರೋ ಹೊಂದಿಸಿರಬಹುದು ಅನ್ನುವ ತನಕ ನೀನೂ ಆ ಹುಡುಗನೂ ಒಂದೇ ಪಾರ್ಟಿ. ಅಲ್ಲಿಂದ ಮುಂದೆ ತನ್ನ ದೇವರನ್ನು ಯಾಕೆ ನಂಬುತ್ತೇನೆ ಅಂತ ಅವನು ಹೇಳಲಿ, ನಿನ್ನದನ್ನು ನೀನು ಹೇಳು.

ಖರ್ಚಿಗೆ ರೊಕ್ಕ ಬೇಕಾದರೆ ಫೋನ್ ಮಾಡು.

ನಿನ್ನ ಕಾಕಾ